ಯಂತ್ರವು ಒಲ್ಲೆನೆಂದಾಗ

ಕನ್ನಡದ ಚಿಕ್ಕ ಮಾತುಗಳಲ್ಲಿ 'ಒಲ್ಲೆ' ಎಂಬದೊಂದು. ಮಾತು ಚಿಕ್ಕದಾದರೂ ಅದರ ಹಿಂದೆ ಒಬ್ಬ ಆಳು ನಿಂತಿರುತ್ತಾನೆ. ಒಲ್ಲೆನೆಂದವನನ್ನು 'ಯಾಕೆ ಒಲ್ಲೆ?' ಎಂದು ಕೇಳಬಹುದು. ಕೇಳಿದರೆ ಅವನು ಕಾರಣ ಹೇಳಬೇಕಾಗುತ್ತದೆ. ಹೇಳಿದ ಕಾರಣ ಸರಿಯಿಲ್ಲದಿದ್ದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಈಚೆಗೆ ಮನುಷ್ಯನು ಈ ಒಲ್ಲೆನೆನ್ನುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತ ನಡೆದಿದ್ದಾನೆ. ಯಂತ್ರಕ್ಕೆ ಕಾರಣ ಕೇಳುವಂತಿಲ್ಲ; ಅದು ತಲೆ ತಗ್ಗಿಸುವದೂ ಇಲ್ಲ. ಹಾಗಾದರೆ ಯಂತ್ರವು ಒಲ್ಲೆನೆಂದಾಗ ನಿಜವಾಗಿ ಒಲ್ಲೆನೆಂದವರು ಯಾರು? ಈ ಪ್ರಶ್ನೆಯು ನಮಗೆ ಹೊಳೆದದ್ದು ಒಂದು ಬಸ್ಸಿನ ತಿಕೀಟಿನ ದೆಸೆಯಿಂದ. ಆದುದರಿಂದ ಬಸ್ಸಿನಿಂದಲೇ ಮಾತನ್ನು ಆರಂಭಿಸುವದು ಉಚಿತ.

ಉಮದಿ, ಸಂಖ, ಬಿಳೂರು, ಗುಡ್ಡಾಪುರ ಮೊದಲಾದ ನಮ್ಮ ಜತ್ತ ತಾಲೂಕಿನ ಊರುಗಳಿಗೆ ಬಸ್ಸೇ ಲೋಕದ ಬಾಗಿಲು. ಮೇಲಿನ ತರಗತಿಗೆ ಹೋಗುವ ಹುಡುಗಿ, ಸಂತೆಗೆ ಹೋಗುವ ರೈತ, ಔಷಧಕ್ಕೆ ಹೋಗುವ ಮುದುಕ ಎಲ್ಲರೂ ಅದೇ ಬಾಗಿಲಿನಿಂದ ಹೊರಡಬೇಕು. 1948ರ ಜೂನ್ 1ರಂದು ಪುಣೆಯಿಂದ ಅಂದಿನ ಅಹಮದನಗರಕ್ಕೆ ಮೊದಲನೆಯ ಸರಕಾರಿ ಬಸ್ಸು ಓಡಿತು. ಅಂದಿನಿಂದ ಎಸ್.ಟಿ. ಎಂಬ ಎರಡಕ್ಷರ ನಮ್ಮ ಹಳ್ಳಿಗಳ ಮನೆಮಾತಾಗಿದೆ. ವಿಜಯಪುರದ ಕಡೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳೂ ಅಥಣಿಯ ಕಡೆಯಿಂದ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳೂ ಈ ಸೀಮೆಗೆ ಬರುವವು. ಗಡಿಯ ಜನರಾದ ನಾವು ಎರಡು ರಾಜ್ಯಗಳ ತಿಕೀಟನ್ನು ಒಂದೇ ಕಿಸೆಯಲ್ಲಿ ಇಟ್ಟುಕೊಂಡು ಬದುಕುವವರು.

ಈ ತಿಕೀಟಿನ ಜಾಗಕ್ಕೆ ಈಗ ಕಾರ್ಡು ಬರುತ್ತಲಿದೆ. ಮೊದಲೇ ಹಣ ತುಂಬಿಸಿ, ಬಸ್ಸು ಹತ್ತಿ ಯಂತ್ರಕ್ಕೆ ತೋರಿಸಿದರೆ ಸಾಕು, ದರವು ತಾನಾಗಿ ಕಳೆದುಹೋಗುವದು. ಹಣ ಮುಗಿದರೆ ಮತ್ತೆ ತುಂಬಿಸುವದು. ಸಿಯೋಲ್ ನಗರದಲ್ಲಿ 1996ರಲ್ಲಿ, ಹಾಂಗ್‌ಕಾಂಗಿನಲ್ಲಿ 1997ರಲ್ಲಿ, ಲಂಡನ್ನಿನಲ್ಲಿ 2003ರಲ್ಲಿ ಇಂಥ ಕಾರ್ಡುಗಳು ಬಂದವು. ನಮ್ಮ ದೇಶದಲ್ಲಿ ದಿಲ್ಲಿಯ ಮೆಟ್ರೊ 2002ರಲ್ಲಿಯೂ ಬೆಂಗಳೂರಿನ ನಮ್ಮ ಮೆಟ್ರೊ 2011ರಲ್ಲಿಯೂ ಓಡತೊಡಗಿದಾಗ ಕಾರ್ಡೂ ಜೊತೆಗೇ ಬಂದಿತು. ದೇಶದ ಎಲ್ಲ ಊರುಗಳ ಬಸ್ಸು ರೈಲುಗಳಿಗೆ ಒಂದೇ ಕಾರ್ಡು ನಡೆಯಲೆಂದು 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಕಾರ್ಡೊಂದನ್ನು ಹೊರಡಿಸಿದರು. ಅದೇ ವರ್ಷ ನಮ್ಮ ಎಸ್.ಟಿ.ಯೂ ರಿಯಾಯಿತಿ ಪಡೆಯುವ ಮುದುಕರಿಗೂ ವಿದ್ಯಾರ್ಥಿಗಳಿಗೂ ಸ್ಮಾರ್ಟ್ ಕಾರ್ಡು ಕೊಡುವ ಯೋಜನೆಯನ್ನು ಕೈಕೊಂಡಿತು. ಬಳಿಕ ಕರೋನಾ ಬೇನೆಯ ಕಾಲದಲ್ಲಿ ಕಾರ್ಡು ಮಾಡಿಸಿಕೊಳ್ಳುವ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು.

ವಿದ್ಯಾರ್ಥಿಗಳು ಈ ಕಾರ್ಡಿನ ಒಳಗುಟ್ಟನ್ನು ತಿಳಿಯಬೇಕು. ಅದರೊಳಗೆ ಬ್ಯಾಟರಿಯಿಲ್ಲ. ಅಂಚಿನ ಸುತ್ತ ಕೂದಲಿನಂಥ ತಂತಿಯ ಕೆಲವು ಸುತ್ತುಗಳು, ನಡುವೆ ಒಂದು ಪುಟ್ಟ ಚಿಪ್ಪು, ಇಷ್ಟೇ. ಯಂತ್ರದ ಹತ್ತಿರ ಹಿಡಿದಾಗ ಅದರ ಬದಲಾಗುವ ಕಾಂತಕ್ಷೇತ್ರವು ತಂತಿಯ ಸುತ್ತಿನಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಆ ವಿದ್ಯುತ್ತಿನಿಂದ ಚಿಪ್ಪು ಎಚ್ಚರಗೊಂಡು, ಯಂತ್ರವು ಕೇಳಿದ ಗುಟ್ಟಿನ ಪ್ರಶ್ನೆಗೆ ಉತ್ತರ ಕೊಟ್ಟು, ತನ್ನ ಶಿಲ್ಕನ್ನು ತಿದ್ದಿಕೊಂಡು, ಮತ್ತೆ ನಿದ್ದೆಹೋಗುವದು. ಇದೆಲ್ಲ ರೆಪ್ಪೆ ಬಡಿಯುವಷ್ಟರೊಳಗೆ ಮುಗಿಯುವದು. ಇಂಥ ಜಾಣ್ಮೆಯನ್ನು ಕಂಡು ಬೆರಗಾಗದವನು ವಿಜ್ಞಾನದ ಪಾಠ ಹೇಳಲು ತಕ್ಕವನಲ್ಲ.

ಕಾರ್ಡಿನಿಂದ ಒಳಿತೇ ಇಲ್ಲವೆನ್ನುವದು ಅನ್ಯಾಯವಾದೀತು. ಚಿಲ್ಲರೆಯ ಜಗಳವನ್ನು ನೋಡಿರಿ. ಐದು ರೂಪಾಯಿ ಬಾಕಿಯಿದ್ದರೆ ಅದನ್ನು ತಿಕೀಟಿನ ಬೆನ್ನಿಗೆ ಬರೆದುಕೊಡುವರು. ಇಳಿಯುವ ಗಡಿಬಿಡಿಯಲ್ಲಿ ಬಡವನು ಅದನ್ನು ಕೇಳಲು ಮರೆಯುವನು, ಇಲ್ಲವೆ ನಾಚುವನು. ಕಾರ್ಡು ಒಂದು ಪೈಸೆಯನ್ನೂ ಮರೆಯುವದಿಲ್ಲ. ಮನುಷ್ಯನಿಗೆ ಪಕ್ಷಪಾತವುಂಟು. ಗುರುತಿನವರ ಮಗನು ಪಾಸು ಮರೆತರೆ 'ಇರಲಿ, ಕೂಡು' ಎಂಬ ಮಾತು. ಗುರುತಿಲ್ಲದ ಕೂಲಿಯ ಮಗನು ಮರೆತರೆ 'ಇಳಿ' ಎಂಬ ಮಾತು. ಕಾರ್ಡಿಗೆ ಪಾಟೀಲರ ಮಗನೂ ಒಂದೇ, ಕುರುಬರ ಮಗನೂ ಒಂದೇ. ಹೆಣ್ಣುಮಗಳು ದಿನದಿನವೂ ಅಪ್ಪನ ಮುಂದೆ ಬಸ್ಸಿನ ಹಣಕ್ಕಾಗಿ ಕೈಯೊಡ್ಡುವ ಪ್ರಸಂಗ ತಪ್ಪುವದೂ ಸಣ್ಣ ಲಾಭವಲ್ಲ. ಮುಖ ನೋಡಿ ಮಣೆ ಹಾಕುವ ನಾಡಿನಲ್ಲಿ ಮುಖವನ್ನೇ ನೋಡದ ಯಂತ್ರವು ಒಂದು ಬಗೆಯ ನ್ಯಾಯಾಧೀಶನೇ ಸರಿ.

ಆದರೆ ಮುಖ ನೋಡದಿರುವದು ನ್ಯಾಯದ ಅರ್ಧವೇ ಹೊರತು ಪೂರ್ಣವಲ್ಲ. ಇದನ್ನು ನಾವು ಒಂದು ಪ್ರಸಂಗದಿಂದ ಕಲಿತೆವು.

ಒಂದು ಬೇಸಿಗೆಯ ಸೂಟಿಯಲ್ಲಿ ನಾವು ಪರವೂರಿನ ಬಸ್ಸಿನಲ್ಲಿದ್ದೆವು. ಅದು ಯಾವ ಸಂಸ್ಥೆಯದೆಂಬದು ಇಲ್ಲಿ ಬೇಡ. ದೂರು ಹೇಳುವದು ನಮ್ಮ ಉದ್ದೇಶವಲ್ಲ. ನಮ್ಮ ಮುಂದಿನ ಸೀಟಿನಲ್ಲಿ ನಮ್ಮ ಸೀಮೆಯದೇ ಕನ್ನಡವಾಡುವ ಒಬ್ಬ ಮುದುಕಿ ಕುಳಿತಿದ್ದಳು. ದುಡಿಯಲು ಹೋದ ಮಗನು ಹಣ ತುಂಬಿಸಿಕೊಟ್ಟ ಕಾರ್ಡನ್ನು ಆಕೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಕಂಡಕ್ಟರನು ಯಂತ್ರಕ್ಕೆ ತಾಕಿಸಿದನು, ಒರೆಸಿ ಮತ್ತೆ ತಾಕಿಸಿದನು, ಫಲವಾಗಲಿಲ್ಲ.

"ನಾ ಏನ್ ಮಾಡ್ಲಿ ಯಮ್ಮಾ, ಮಷಿನ್ ಒಲ್ಲೆ ಅಂತೈತಿ."

"ಅದರಾಗ ನನ್ನ ಮಗ ರೊಕ್ಕ ಹಾಕ್ಯಾನೋ ಯಪ್ಪಾ."

"ಹಾಕಿರಬೇಕು. ಆದ್ರ ಮಷಿನ್ ಒಲ್ಲೆ ಅಂತೈತಲ್ಲ."

ಕಂಡಕ್ಟರನು ಕೆಟ್ಟವನಾಗಿರಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಲೆಕ್ಕ ತಪ್ಪಿದರೆ ತನ್ನ ಪಗಾರಕ್ಕೆ ಬರುವದೆಂಬ ಅಂಜಿಕೆ ಮಾತ್ರ ಇದ್ದಿತು. ನಾವು ಎದ್ದು ಆಕೆಯ ತಿಕೀಟಿನ ಹಣವನ್ನು ಮುಂದೆ ಮಾಡಿದೆವು. ಆಗ ಆಕೆ ತಿರುಗಿ ನೋಡಿ, "ನೀವ್ಯಾಕ ಕೊಡ್ತೀರಿ ಗುರುಗಳ? ನಾ ಏನ್ ಪುಕ್ಕಟೆ ಹತ್ತೀನೇನ? ಒಮ್ಮೆ ಕೊಟ್ಟ ರೊಕ್ಕ ಮತ್ತ ಯಾಕ ಕೊಡೂದು?" ಎಂದಳು. ಕೊನೆಗೆ ಔಷಧಕ್ಕೆಂದು ಇಟ್ಟುಕೊಂಡಿದ್ದ ನೋಟನ್ನು ಬಿಚ್ಚಿ ತಾನೇ ಕೊಟ್ಟಳು. ಬಸ್ಸಿನಲ್ಲಿ ಐವತ್ತು ಜನರಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ.

ಈ ಪ್ರಸಂಗದಲ್ಲಿ ಮೂರು ಮಾತುಗಳು ವಿಚಾರಾರ್ಹವಾಗಿವೆ.

ಒಂದನೆಯದು, ಆಕೆ ನಮ್ಮ ದಾನವನ್ನು ಒಲ್ಲೆನೆಂದದ್ದು. ನಾವು ಕನಿಕರದಿಂದ ಹಣ ತೆಗೆದೆವು. ಆದರೆ ಹಕ್ಕು ಕೇಳುವವನ ಕೈಯಲ್ಲಿ ದಾನವಿಟ್ಟರೆ ಅವನ ಕೇಳಿಕೆಗೆ ಉತ್ತರ ಕೊಟ್ಟಂತಾಗುವದಿಲ್ಲ. ಅವನ ಬಾಯಿ ಮುಚ್ಚಿಸಿದಂತಾಗುವದು. ನಾವು ಮಾಡಬೇಕಾಗಿದ್ದುದು ಹಣ ಕೊಡುವದಲ್ಲ, ಆಕೆಯ ಪರವಾಗಿ ಒಂದು ಮಾತಾಡುವದು. ಹಣವನ್ನು ಕೊಡುವದು ಅದಕ್ಕಿಂತ ಸುಲಭವೆಂದು ನಾವು ಅದನ್ನೇ ಆರಿಸಿಕೊಂಡೆವು.

ಎರಡನೆಯದು, ಮುಂಗಡದ ಧರ್ಮ. ನೋಟು ಕೊಟ್ಟು ತಿಕೀಟು ಪಡೆಯುವಾಗ ಇಬ್ಬರೂ ಒಂದೇ ಗಳಿಗೆಯಲ್ಲಿ ಕೊಟ್ಟು ತಕ್ಕೊಳ್ಳುವರು. ಯಾರೂ ಯಾರನ್ನೂ ನಂಬಬೇಕಾದ ಕಾರಣವಿಲ್ಲ. ಕಾರ್ಡಿನಲ್ಲಿ ಹಾಗಲ್ಲ. ಪ್ರಯಾಣಿಕನು ಎಂದೋ ಮಾಡುವ ಪ್ರಯಾಣಕ್ಕೆ ಇಂದೇ ಹಣ ಕಟ್ಟಿರುತ್ತಾನೆ. ಎಂದರೆ ಆ ಬಡ ಮುದುಕಿಯು ದೊಡ್ಡದೊಂದು ಸಂಸ್ಥೆಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟಿದ್ದಳು. ಕೈಗಡ ಕೊಟ್ಟವಳನ್ನೇ ಸಾಲಗಾರಳಂತೆ ನಿಲ್ಲಿಸಿ ಕೇಳಿದುದು ಅಲ್ಲಿಯ ವಿಪರ್ಯಾಸ. ಮೊದಲು ನಂಬಿದವರಿಗೆ ಮರಳಿ ಅಷ್ಟಾದರೂ ನಂಬಿಕೆಯನ್ನು ಸಲ್ಲಿಸುವದು ನ್ಯಾಯವಲ್ಲವೆ?

ಇದು ಆಗದ ಮಾತೆಂದು ಯಾರೂ ತಿಳಿಯಬಾರದು. ಲಂಡನ್ನಿನ ಬಸ್ಸುಗಳಲ್ಲಿ 2014ರ ಜುಲೈ 6ರಿಂದ ರೊಕ್ಕ ತೆಗೆದುಕೊಳ್ಳುವದನ್ನೇ ನಿಲ್ಲಿಸಿದರು. ಆಗ ಅವರು ಜೊತೆಗೊಂದು ನಿಯಮವನ್ನೂ ಮಾಡಿದರು. ಕಾರ್ಡಿನಲ್ಲಿ ಒಂದು ಪ್ರಯಾಣಕ್ಕೆ ಬೇಕಾದಷ್ಟು ಹಣ ಉಳಿಯದಿದ್ದರೂ ಇನ್ನೊಂದು ಸಾರೆ ಪ್ರಯಾಣಕ್ಕೆ ಬಿಡುವದು. ಬಾಕಿಯನ್ನು ಮುಂದೆ ಹಣ ತುಂಬಿಸಿದಾಗ ಮುರಿದುಕೊಳ್ಳುವದು. ಅಸಹಾಯಕರನ್ನು ದಾರಿಯಲ್ಲಿ ಬಿಟ್ಟು ಹೋಗಬಾರದೆಂದು ಬಸ್ಸು ನಡೆಸುವವರಿಗೆ ತಿಳಿವಳಿಕೆಯನ್ನೂ ಕೊಟ್ಟರು. ಹಾಂಗ್‌ಕಾಂಗಿನ ಕಾರ್ಡೂ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಲು ಒಂದು ಮಿತಿಯವರೆಗೆ ಎಡೆಗೊಡುತ್ತದೆ. ಯಂತ್ರಕ್ಕೆ ಕರುಣೆಯಿಲ್ಲವೆನ್ನುವದು ನಿಜ. ಆದರೆ ಯಂತ್ರವನ್ನು ಮಾಡಿಸಿದವರಿಗೆ ಕರುಣೆಯಿದ್ದರೆ ಅದನ್ನು ಯಂತ್ರದೊಳಗೆ ಬರೆದಿಡಲು ಬರುವದು.

ಮೂರನೆಯದು, 'ಮಷಿನ್ ಒಲ್ಲೆ ಅಂತೈತಿ' ಎಂಬ ವಾಕ್ಯ. ವ್ಯಾಕರಣದ ಪ್ರಕಾರ ಇಲ್ಲಿ ಕರ್ತೃಪದ ಮಷಿನ್. ನೀತಿಯ ಪ್ರಕಾರ ಅದು ಕರ್ತೃವಾಗಲಾರದು. ಅರಿವು, ಆಯ್ಕೆ, ಹೊಣೆ ಈ ಮೂರೂ ಇರುವವನೇ ಕರ್ತೃ. ಯಂತ್ರದ ಮೇಲೆ ಹಾಕಿದ ಹೊಣೆಯು ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಹೊಣೆಯನ್ನು ಯಾರೂ ಎತ್ತುವದಿಲ್ಲ. ಕಂಡಕ್ಟರನು ಯಂತ್ರವನ್ನು ತೋರಿಸುವನು, ಅವನ ಮೇಲಿನವನು ನಿಯಮವನ್ನು ತೋರಿಸುವನು, ನಿಯಮ ಮಾಡಿದವನು ಯಂತ್ರ ಮಾಡಿದವನನ್ನು ತೋರಿಸುವನು. ಹೀಗೆ ಬೆರಳುಗಳು ಸುತ್ತು ತಿರುಗುವಾಗ ನಡುವೆ ನಿಂತ ಮುದುಕಿಯ ಔಷಧದ ಹಣ ಖರ್ಚಾಗಿಹೋಗುವದು.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಕಂಡಕ್ಟರನ ವಿವೇಕಕ್ಕೆ ಎಡೆಗೊಟ್ಟರೆ ಹಳೆಯ ಪಕ್ಷಪಾತವು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಾರದೆ? ಅವನ ಗುರುತಿನವರ ಕಾರ್ಡುಗಳೇ ದಿನಾಲು ಕೆಡಲಾರಂಭಿಸಿದರೆ ಏನು ಮಾಡುವದು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗ್ರೀಕ ತತ್ತ್ವಜ್ಞಾನಿಯಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಇದೇ ತೊಡಕನ್ನು ಚರ್ಚಿಸಿದ್ದಾನೆ. ಕಾಯದೆಯು ಎಲ್ಲರಿಗೂ ಸಾಮಾನ್ಯವಾಗಿ ಮಾತಾಡುತ್ತದೆ. ಆದರೆ ಬದುಕು ಒಂದೊಂದಾಗಿ ಎದುರಿಗೆ ಬರುತ್ತದೆ. ಆದ್ದರಿಂದ ಕಾಯದೆಯು ತಪ್ಪುವಲ್ಲಿ ಅದನ್ನು ತಿದ್ದುವ ವಿವೇಕವೂ ನ್ಯಾಯದ ಭಾಗವೇ ಎಂಬದು ಅವನ ಅಭಿಪ್ರಾಯ. ಲೆಸ್ಬಾಸ್ ದ್ವೀಪದ ಕಲ್ಲುಕುಟಿಗರು ಬಳಸುತ್ತಿದ್ದ ಸೀಸದ ಅಳತೆಪಟ್ಟಿಯ ಉದಾಹರಣೆಯನ್ನು ಅವನು ಕೊಡುತ್ತಾನೆ. ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತಂತೆ. ಬಾಗಿದರೂ ಅದು ಅಳತೆಪಟ್ಟಿಯೇ ಎಂಬದನ್ನು ನಾವು ಗಮನಿಸಬೇಕು. ಕಂಡಕ್ಟರನು ತನ್ನ ವಿವೇಕವನ್ನು ಬಳಸಲಿ, ಬಳಸಿದ್ದನ್ನು ಬರೆದಿಡಲಿ. 'ಕಾರ್ಡು ಓದಲಿಲ್ಲ, ಹೊಣೆಯರಿತು ಬಿಟ್ಟಿದ್ದೇನೆ' ಎಂದು ಹೆಸರು ಹಾಕಿ ಬರೆದ ಒಂದು ಚೀಟಿಯು ಪಕ್ಷಪಾತವನ್ನೂ ತಡೆಯುತ್ತದೆ, ಮುದುಕಿಯನ್ನೂ ಉಳಿಸುತ್ತದೆ. ಪಕ್ಷಪಾತಕ್ಕೆ ಕತ್ತಲೆ ಬೇಕು. ವಿವೇಕವು ಬೆಳಕಿನಲ್ಲಿ ಕೆಲಸ ಮಾಡಬಲ್ಲದು.

ಗಡಿಯ ಜನರಿಗೆ ಇನ್ನೊಂದು ಮಾತೂ ಅನುಭವದ್ದಾಗಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ತಿಕೀಟು ದೊರೆಯತೊಡಗಿತು. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 17ರಿಂದ ಹೆಣ್ಣುಮಕ್ಕಳಿಗೆ ಎಸ್.ಟಿ.ಯಲ್ಲಿ ಅರ್ಧ ದರವಾಯಿತು. ಗಡಿ ದಾಟಿದ ಮೇಲೆ ಕರ್ನಾಟಕದೊಳಗೆ ವಿಜಯಪುರದ ಕಡೆಗೆ ಹೋಗುವ ಆ ರಾಜ್ಯದ ಸಾಮಾನ್ಯ ಬಸ್ಸಿನ ಒಂದೇ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಕುಳಿತರೆಂದು ತಿಳಿಯಿರಿ. ಅಲ್ಲಿಗೆ ಮದುವೆಯಾಗಿ ಹೋದ ಅಕ್ಕನಿಗೆ ಸೊನ್ನೆಯ ತಿಕೀಟು, ತವರಿನಲ್ಲಿ ಉಳಿದ ತಂಗಿಗೆ ಪೂರ್ಣ ದರ. ಇಬ್ಬರ ಮಾತೂ ಒಂದೇ, ದೇವರೂ ಒಂದೇ. ಚೀಟಿಯು ವಿಳಾಸವನ್ನು ಕೇಳುತ್ತದೆ, ಭಾಷೆಯನ್ನು ಕೇಳುವದಿಲ್ಲ. ಇದನ್ನು ಅನ್ಯಾಯವೆನ್ನಲು ನಾವು ಅವಸರ ಮಾಡಬಾರದು. ನಮ್ಮ ಗುಡ್ಡಾಪುರದ ದಾನಮ್ಮನ ಸನ್ನಿಧಿಯಲ್ಲಿ ಎರಡು ರಾಜ್ಯಗಳ ಜನರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವರು. ಅಲ್ಲಿ ಯಾರನ್ನೂ ಯಾವ ಊರೆಂದು ಕೇಳಿ ಬಡಿಸುವದಿಲ್ಲ. ದಾಸೋಹವು ಕೊಡುವವರ ಸ್ವಂತ ಒಲವಿನಿಂದ ನಡೆಯುವದು. ಸರಕಾರವಾದರೋ ಪರರ ಹಣವನ್ನು ಖರ್ಚುಮಾಡುತ್ತದೆ. ಆದ್ದರಿಂದ ಯಾರಿಗೆ, ಎಷ್ಟು ಎಂಬ ಲೆಕ್ಕವನ್ನು ಅದು ಇಡಲೇಬೇಕು. ದಾಖಲೆ ಕೇಳುವದು ತಪ್ಪಲ್ಲ. ದಾಖಲೆಯನ್ನು ಮನುಷ್ಯನಿಗಿಂತ ಹೆಚ್ಚು ನಿಜವೆಂದು ನಂಬುವದು ತಪ್ಪು.

ದಾಖಲೆಯೆಂದ ಮೇಲೆ ನಮ್ಮ ವೃತ್ತಿಯ ಮಾತು ಬಂದೇ ಬರುವದು. 2022ರ ಆಗಸ್ಟಿನಿಂದ 75 ವರ್ಷ ತುಂಬಿದವರಿಗೆ ಎಸ್.ಟಿ.ಯಲ್ಲಿ ಪುಕ್ಕಟೆ ಪ್ರಯಾಣದ ಸವಲತ್ತು ಬಂದಿತು. ಅದಾದ ಮರುವರ್ಷ ಒಂದು ಶನಿವಾರ, ಅರ್ಧ ದಿನದ ಶಾಲೆ ಬಿಡುವ ಹೊತ್ತಿಗೆ, ಹಿರಿಯರೊಬ್ಬರು ಕೋಲೂರಿಕೊಂಡು ನಮ್ಮಲ್ಲಿಗೆ ಬಂದರು. ಅವರ ದಾಖಲೆಯಲ್ಲಿ ಜನ್ಮತಾರೀಖು 1951ರ ಜೂನ್ 1 ಎಂದಿತ್ತು.

"ಗುರುಗಳ, 1948ರಾಗ ಜತ್ತ ಸಂಸ್ಥಾನ ಹ್ವಾದಾಗ ನಾ ನಮ್ಮವ್ವನ ಸೊಂಟದ ಮ್ಯಾಲ ಇದ್ನೆಂತ. ಸಂಸ್ಥಾನ ಹ್ವಾದ ಮ್ಯಾಲ ಮೂರು ವರ್ಷಕ್ಕ ನಾ ಹ್ಯಾಂಗ ಹುಟ್ಟಲಿ? ಒಂದೀಟು ತಿದ್ದಿ ಕೊಡ್ರಿ."

ನಾವು ತಿದ್ದಲಿಲ್ಲ. ರಜಿಸ್ಟರು ನಮ್ಮ ಸ್ವತ್ತಲ್ಲ; ಒಬ್ಬರಿಗೆ ಕರುಣೆಯಿಂದ ತಿದ್ದಿದರೆ ಇನ್ನೊಬ್ಬರಿಗೆ ಲಂಚದಿಂದ ತಿದ್ದುವ ದಾರಿ ತೆರೆಯುವದು. ಈ ಉತ್ತರವು ಸರಿಯಾದುದೆಂದು ಈಗಲೂ ನಂಬುತ್ತೇವೆ. ಆದರೆ ಅವರು ಹೋದ ಬಳಿಕ ಒಂದು ವಿಚಾರವು ನಮ್ಮನ್ನು ಬಿಡಲಿಲ್ಲ. ಆ ಜೂನ್ 1 ಎಲ್ಲಿಂದ ಬಂದಿತು? ನಮ್ಮ ಹಳೆಯ ರಜಿಸ್ಟರುಗಳಲ್ಲಿ ಜೂನ್ 1ರಂದು ಹುಟ್ಟಿದವರಿಗೆ ಲೆಕ್ಕವಿಲ್ಲ. ಶಾಲೆಯು ಜೂನಿನಲ್ಲಿ ಆರಂಭವಾಗುತ್ತಿತ್ತು. 'ಜಾತ್ರಿ ಮುಂದ ಹುಟ್ಟ್ಯಾನ', 'ಬರ ಬಿದ್ದ ವರ್ಷ ಹುಟ್ಟ್ಯಾಳ' ಎಂದು ತಾಯಿ ಹೇಳಿದುದನ್ನು ತಾರೀಖಿಗೆ ಇಳಿಸುವ ತೊಂದರೆ ಬೇಡವೆಂದು ಗುರುಗಳು ವಯಸ್ಸಿಗೆ ಹೊಂದುವ ಒಂದು ವರ್ಷವನ್ನು ಹಿಡಿದು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅವರಿಗೆ ಕೆಟ್ಟ ಬುದ್ಧಿಯಿರಲಿಲ್ಲ. ಹುಡುಗನು ಅಕ್ಷರ ಕಲಿಯಲೆಂಬ ಅವಸರವಿತ್ತು. ಆದರೆ ಎಪ್ಪತ್ತು ವರ್ಷಗಳ ತರುವಾಯ ಅದೇ ತಾರೀಖು ಆಧಾರಕ್ಕೆ ಹೋಗಿ, ಆಧಾರದಿಂದ ಕಾರ್ಡಿಗೆ ಹೋಗಿ, ಬಸ್ಸಿನ ಬಾಗಿಲಲ್ಲಿ ಮುದುಕನಿಗೆ ಒಲ್ಲೆನೆನ್ನುವದು. ಯಂತ್ರದ ಹಿಂದೆ ಯಾರು ನಿಂತಿರುವರೆಂದು ಹುಡುಕುತ್ತ ಹೋದ ನಾವು ಕೊನೆಗೆ ಕಂಡದ್ದು ನಮ್ಮಂಥ ಒಬ್ಬ ಶಿಕ್ಷಕನನ್ನು.

ತಿದ್ದಲಾರೆವೆಂದುದು ನಮ್ಮ ಕರ್ತವ್ಯ. ಆದರೆ ಕಾಯದೆಯ ದಾರಿ ಯಾವದೆಂದು ವಿಚಾರಿಸಲು ಆ ಹಿರಿಯರ ಸಂಗಡ ಒಂದು ದಿನ ತಹಶೀಲ ಕಚೇರಿಗೆ ಹೋಗಬಹುದಾಗಿತ್ತು. ಹೋಗಲಿಲ್ಲ. 'ರಜಿಸ್ಟರದಾಗ ಹಂಗ ಐತ್ರಿ, ನಾವೇನ್ ಮಾಡೂನು?' ಎಂದು ಹೇಳಿ ಕಳಿಸಿದೆವು. ಬಸ್ಸಿನಲ್ಲಿ ಕೇಳಿದ ಮಾತಿಗೂ ನಾವಾಡಿದ ಈ ಮಾತಿಗೂ ಏನು ಅಂತರ? ಅವನು ಯಂತ್ರವನ್ನು ಮುಂದೆ ಮಾಡಿದನು, ನಾವು ರಜಿಸ್ಟರನ್ನು ಮುಂದೆ ಮಾಡಿದೆವು.

ನಮ್ಮ ಶಿಕ್ಷಕ ಬಂಧುಗಳಿಗೆ ಇದು ಕಳೆದುಹೋದ ಕಾಲದ ಮಾತಲ್ಲ. ಈಗಿನ ಮಕ್ಕಳಿಗೆ ಜನನದ ದಾಖಲೆ ಇರುವದರಿಂದ ತಾರೀಖಿನ ತಪ್ಪು ಕಡಿಮೆಯಾಗಿದೆ. ಹೆಸರಿನ ತಪ್ಪು ಮಾತ್ರ ಹೋಗಿಲ್ಲ. ನಮ್ಮ ಮಕ್ಕಳ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ, ಕಚೇರಿಯಲ್ಲಿ ಮರಾಠಿಯಲ್ಲಿ, ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತದೆ. ಮಲ್ಲವ್ವ ಎಂಬವಳು ಒಂದೆಡೆ ಮಲ್ಲಾವಾ ಆಗಿ, ಇನ್ನೊಂದೆಡೆ ಮಲ್ಲಮ್ಮಾ ಆಗಿ ಮೂರು ಜನರಾಗುವಳು. ಮನುಷ್ಯನಾದವನು ಮೂವರೂ ಒಬ್ಬಳೇ ಎಂದು ನಕ್ಕು ಬಿಟ್ಟಾನು, ಯಂತ್ರವು ಬಿಡಲಾರದು. ಪ್ರವೇಶದ ದಿನ ನಾವು ಇನ್ನೈದು ನಿಮಿಷ ಕುಳಿತು, ತಂದೆತಾಯಿಗಳಿಗೆ ಓದಿ ಹೇಳಿ, ಮೂರೂ ಲಿಪಿಗಳಲ್ಲಿ ಹೆಸರನ್ನು ಸರಿಯಾಗಿ ಬರೆದರೆ ಅರವತ್ತು ವರ್ಷಗಳ ಆಚೆ ಯಾರೋ ಒಬ್ಬ ಮುದುಕಿಗೆ ಬಸ್ಸಿನಲ್ಲಿ ಜಾಗ ಕಾದಿರಿಸಿದಂತಾಗುವದು.

ವಿದ್ಯಾರ್ಥಿಗಳಿಗೆ ಹೇಳಬೇಕಾದುದೂ ಇದಕ್ಕಿಂತ ಬೇರೆಯಲ್ಲ. ಕಾರ್ಡು ಬರಲಿ, ನಾವು ಸಂತೋಷದಿಂದ ಬರಮಾಡಿಕೊಳ್ಳೋಣ. ಪರರ ಕಾರ್ಡಿನಿಂದ ಪ್ರಯಾಣ ಮಾಡುವದು ಕಳವೇ ಎಂಬದನ್ನು ಮರೆಯದಿರೋಣ. ಆದರೆ ನಾಳೆ ನೀವು ಕಂಡಕ್ಟರರಾಗುವಿರಿ, ಕಾರಕೂನರಾಗುವಿರಿ, ಯಂತ್ರವನ್ನು ಮಾಡುವವರೂ ಆಗುವಿರಿ. ನಿಮ್ಮ ಎದುರಿಗೆ ಒಬ್ಬರು ಬಂದು ನಿಂತಾಗ 'ಮಷಿನ್ ಒಲ್ಲೆ ಅಂತೈತಿ' ಎನ್ನಬೇಡಿರಿ. ಕೊಡಲು ಬಾರದಿದ್ದರೆ 'ನಾನು ಕೊಡಲಾರೆ, ಕಾರಣ ಇಂಥದು' ಎನ್ನಿರಿ. ಹಾಗೆ ಅನ್ನಲು ನಿಮಗೆ ನಾಚಿಕೆಯಾದರೆ, ಆ ನಾಚಿಕೆಯ ಮಾತನ್ನು ಕೇಳಿರಿ. ಬಹಳ ಮಾಡಿ ಅದು ಸರಿಯಾದುದನ್ನೇ ಹೇಳುತ್ತಿರುತ್ತದೆ.

ಆ ಹಿರಿಯರ ಮನೆಯು ನಮ್ಮ ಶಾಲೆಯಿಂದ ದೂರವಿಲ್ಲ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಬೇಕೆಂದಿದ್ದೇವೆ.